ಗಡಸು ನೀರೂ ಉಪ್ಪಿನ ಲೆಕ್ಕವೂ

ಬಯಲುಸೀಮೆಯ ಹಳ್ಳಿಗಳಲ್ಲಿ ಹೊಸ ಬಾವಿಯ ನೀರು ಹೇಗಿದೆಯೆಂದು ತಿಳಿಯಲು ಮನೆಯ ಹಿರಿಯ ಹೆಂಗಸರು ಅನುಸರಿಸುತ್ತಿದ್ದ ಪರೀಕ್ಷೆ ಬಹು ಸರಳವಾದುದು. ಒಂದು ಹಿಡಿ ತೊಗರಿಬೇಳೆಯನ್ನು ಆ ನೀರಿನಲ್ಲಿ ಬೇಯಲಿಡುವರು. ಬೇಳೆ ಒಡೆದು ಕರಗಿದರೆ ಅದು ಸಿಹಿನೀರು. ಎಷ್ಟು ಸೌದೆ ಉರಿಸಿದರೂ ಬೇಳೆ ಬೇಳೆಯಾಗಿಯೇ ಉಳಿದರೆ ಅದು ಸವಳು ನೀರು. ರಸಾಯನಶಾಸ್ತ್ರದ ಹೆಸರನ್ನೇ ಕೇಳದಿದ್ದ ಆ ತಾಯಂದಿರು ಅಳೆಯುತ್ತಿದ್ದುದು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವು ಕುದಿಯುವಾಗ ಕರಗಬೇಕು; ಕ್ಯಾಲ್ಸಿಯಂ ಅದರೊಡನೆ ಕೂಡಿಕೊಂಡು ಅದನ್ನು ಇನ್ನಷ್ಟು ಬಿಗಿಗೊಳಿಸುವುದು. ಒಂದು ಚಿಟಿಕೆ ಅಡಿಗೆ ಸೋಡ ಹಾಕಿದರೆ ಬೇಳೆ ಬೇಗ ಬೇಯುವುದು ಆ ಬಂಧ ಸಡಿಲವಾಗುವುದರಿಂದಲೇ.

ನಗರದ ಮನೆಗಳಲ್ಲಿ ಗಡಸು ನೀರು ತನ್ನ ಗುರುತನ್ನು ಬೇರೆ ಬಗೆಯಲ್ಲಿ ಬಿಡುತ್ತದೆ. ಸ್ಟೀಲಿನ ಕೊಡದ ಒಳಮೈಯಲ್ಲಿ ಬಿಳಿಯ ಕರೆ, ಬಚ್ಚಲಿನ ನಲ್ಲಿಯ ಸುತ್ತ ಕಲ್ಲಿನಂತೆ ಗಟ್ಟಿಯಾದ ಕಟ್ಟು, ಎಷ್ಟು ತಿಕ್ಕಿದರೂ ನೊರೆ ಬಾರದ ಸಾಬೂನು, ಎರಡು ಮೂರು ವರ್ಷಕ್ಕೇ ಸುಟ್ಟುಹೋಗುವ ಗೀಸರಿನ ತಂತಿ. ಬೆಂಗಳೂರಿಗೆ ಕಾವೇರಿಯ ನೀರು ಮೊದಲ ಬಾರಿ ಬಂದುದು 1974ರಲ್ಲಿ. ಐದನೆಯ ಹಂತದ ಯೋಜನೆ ಚಾಲನೆಗೊಂಡುದು 2024ರಲ್ಲಿ. ಹೊಳೆಯ ನೀರು ಹೆಚ್ಚು ಗಡಸಲ್ಲ. ಆದರೆ ನಗರ ಹೊಳೆಯ ಕೊಳವೆಗಳಿಗಿಂತ ವೇಗವಾಗಿ ಬೆಳೆದುದರಿಂದ ಹೊರವಲಯದ ಅಸಂಖ್ಯ ಮನೆಗಳು ಕೊಳವೆ ಬಾವಿಯನ್ನೇ ನಂಬಿವೆ. ಇಂಥ ಮನೆಗಳವರಿಗೆ ಅಂಗಡಿಯವರು ‘ಸಾಫ್ಟನರ್’ ಎಂಬ ಯಂತ್ರವನ್ನು ತೋರಿಸಿ, ಇದೊಂದಿದ್ದರೆ ನೀರಿನ ಎಲ್ಲ ದೋಷಗಳೂ ಕಳೆದುವು ಎನ್ನುತ್ತಾರೆ. ಎಲ್ಲ ದೋಷಗಳೂ ಕಳೆಯುವುದಿಲ್ಲ. ಕೆಲವು ಕಳೆಯುವುವು, ಕೆಲವು ಹಾಗೆಯೇ ಉಳಿಯುವುವು, ಒಂದು ಹೊಸದಾಗಿ ಸೇರಿಕೊಳ್ಳುವುದು. ಆ ಹೊಸದರ ಹೆಸರು ಉಪ್ಪು. ಯಂತ್ರವನ್ನು ಕೊಳ್ಳುವ ಮೊದಲು ಉಪ್ಪಿನ ಲೆಕ್ಕವನ್ನು ಹಾಕಿ ನೋಡುವುದು ಜಾಣತನ.

ಮಳೆಯ ನೀರು ಬಹುಮಟ್ಟಿಗೆ ಶುದ್ಧ. ಅದು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿ ಕೊಂಚ ಆಮ್ಲವಾಗುತ್ತದೆ. ಕಲಬುರಗಿಯ ಕಡೆ, ಶಹಾಬಾದ್ ಕಲ್ಲಿನ ನಾಡಿನಲ್ಲಿ, ಈ ಆಮ್ಲಕ್ಕೆ ಸಿಗುವುದು ಸುಣ್ಣದ ಕಲ್ಲೇ. ಅದನ್ನು ಕರಗಿಸಿಕೊಂಡು ನೀರು ಗಡಸಾಗುವುದು ಸಹಜ. ಬೆಂಗಳೂರು, ಕೋಲಾರಗಳ ಕೆಳಗೆ ಇರುವುದು ನೈಸ್ ಮತ್ತು ಗ್ರಾನೈಟ್ ಶಿಲೆಗಳು. ಇವುಗಳಲ್ಲಿ ಸುಣ್ಣದ ಕಲ್ಲಿಲ್ಲದಿದ್ದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳ್ಳ ಖನಿಜಗಳು ಸಾಕಷ್ಟಿವೆ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ಹೀಗೆ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟಿನ ರೂಪದಲ್ಲಿದ್ದರೆ ನೀರನ್ನು ಕುದಿಸಿದಾಗ ಅದು ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯ ಪುಡಿಯಾಗಿ ಉಳಿಯುವುದು. ಇದು ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡುಗಳ ರೂಪದಲ್ಲಿದ್ದರೆ ಕುದಿಸಿದರೂ ಹೋಗದು. ಅದು ಶಾಶ್ವತ ಗಡಸುತನ. ಇಷ್ಟನ್ನು ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿಯೇ ಇರುವರು. ಮನೆಯ ದೃಷ್ಟಿಯಿಂದ ಗಮನಿಸಬೇಕಾದುದೇನೆಂದರೆ, ಗೀಸರಿನಲ್ಲಿಯೂ ಸೌರ ಜಲತಾಪಕದ ಕೊಳವೆಗಳಲ್ಲಿಯೂ ಕಟ್ಟುವುದು ಮೊದಲನೆಯ ಬಗೆ, ಮತ್ತು ಅದು ಬಿಸಿ ಹೆಚ್ಚಿದಷ್ಟೂ ಹೆಚ್ಚು ಕಟ್ಟುವುದು. ಗೀಸರನ್ನು 75 ಡಿಗ್ರಿಗೆ ಇಟ್ಟು ತಣ್ಣೀರು ಬೆರೆಸಿಕೊಳ್ಳುವುದಕ್ಕೆ ಬದಲಾಗಿ 50–55 ಡಿಗ್ರಿಗೆ ಇಟ್ಟರೆ, ಒಂದು ಪೈಸೆಯ ಖರ್ಚಿಲ್ಲದೆ, ಕಟ್ಟು ಬಹಳಷ್ಟು ತಗ್ಗುತ್ತದೆ. ಕಟ್ಟು ಕಟ್ಟಿದ ಗೀಸರು ಬಹಳ ವಿದ್ಯುತ್ತನ್ನು ತಿನ್ನುವುದೆಂಬ ಮಾತನ್ನೂ ಕೊಂಚ ಶೋಧಿಸಿ ಒಪ್ಪಬೇಕು. ತಂತಿಯು ನೀರಿನಲ್ಲಿಯೇ ಮುಳುಗಿರುವುದರಿಂದ ಅದರ ಶಾಖವೆಲ್ಲ ಕೊನೆಗೆ ನೀರಿಗೇ ಸೇರಬೇಕು. ನಷ್ಟವಾಗುವುದು ತಂತಿಗೆ: ಸುಣ್ಣದ ಕಂಬಳಿ ಹೊದ್ದ ತಂತಿಯಿಂದ ಶಾಖ ಬೇಗನೆ ಹೊರಬೀಳಲಾರದೆ ತಂತಿಯೇ ಅತಿಯಾಗಿ ಕಾದು ಸುಡುವುದು.

ಸಾಬೂನಿನ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕವಾಗಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನವು ಸುಮಾರು 600 ಗ್ರಾಂ ಸಾಬೂನನ್ನು ಕರಗದ ಮಡ್ಡಿಯನ್ನಾಗಿ ಮಾಡಿಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವುಳ್ಳ ನೀರು ಹತ್ತು ಲೀಟರಿನ ಒಂದು ಬಕೆಟ್ಟಿನಲ್ಲಿದ್ದರೆ ಅದರಲ್ಲಿರುವುದು 5 ಗ್ರಾಂ; ಆ ಬಕೆಟ್ಟಿನಲ್ಲಿ ನೊರೆ ನಿಲ್ಲುವ ಮೊದಲು 30 ಗ್ರಾಂ ಸಾಬೂನು ಬಲಿಯಾಗುವುದು. ಬಟ್ಟೆ ಒಗೆಯುವ ಈಗಿನ ಪುಡಿಗಳು ಸಾಬೂನಲ್ಲ, ಡಿಟರ್ಜೆಂಟುಗಳು. ಅವು ಮಡ್ಡಿ ಕಟ್ಟುವುದಿಲ್ಲವಾದರೂ ಅವುಗಳ ಶಕ್ತಿಯೂ ಗಡಸು ನೀರಿನಲ್ಲಿ ಕುಂದುತ್ತದೆ.

ಇಷ್ಟೆಲ್ಲ ತೊಂದರೆ ಕೊಟ್ಟರೂ ಗಡಸು ನೀರು ವಿಷವಲ್ಲ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರು ದೊರೆಯದ ಕಡೆ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಆರೋಗ್ಯದ ಕಾರಣದಿಂದ ಗಡಸುತನಕ್ಕೆ ಯಾವ ಮಿತಿಯನ್ನೂ ವಿಧಿಸಿಲ್ಲ. ಚರ್ಮದ ಬೇನೆಗಳೆಲ್ಲ ಸಾಫ್ಟನರಿನಿಂದ ವಾಸಿಯಾಗುವುವೆಂಬ ಜಾಹೀರಾತನ್ನು ನಂಬುವ ಮೊದಲು ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೆನೆಯಬಹುದು. ಇಸಬಿನಿಂದ ನರಳುತ್ತಿದ್ದ 336 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗಳಿಗೆ ಹನ್ನೆರಡು ವಾರ ಸಾಫ್ಟನರ್ ಅಳವಡಿಸಿದರು. ಇಸಬಿನ ತೀವ್ರತೆಯಲ್ಲಿ ಎರಡು ಗುಂಪುಗಳಿಗೂ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಸಾಫ್ಟನರನ್ನು ಕೊಳ್ಳುವುದಾದರೆ ಕೊಳವೆ, ಗೀಸರು, ಸಾಬೂನುಗಳ ಸಲುವಾಗಿ ಕೊಳ್ಳಬೇಕು, ಔಷಧಿಯೆಂದು ಕೊಳ್ಳಬಾರದು.

ಈ ಯಂತ್ರದ ತತ್ತ್ವವು ಮೊದಲು ಗೋಚರಿಸಿದುದು ನೀರಿನಲ್ಲಲ್ಲ, ಹೊಲದ ಮಣ್ಣಿನಲ್ಲಿ. ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್ ಎಂಬಾತನಿಗೆ ಗೊಬ್ಬರದ ಸತ್ತ್ವವು ಮಳೆಯಲ್ಲಿ ತೊಳೆದುಹೋಗದೆ ಮಣ್ಣಿನಲ್ಲಿ ಹೇಗೆ ನಿಲ್ಲುವುದೆಂಬ ಕುತೂಹಲ. ಆತನು ಮಣ್ಣು ತುಂಬಿದ ಗಾಜಿನ ಕೊಳವೆಯ ಮೂಲಕ ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಹಾಯಿಸಿದಾಗ ಕೆಳಗೆ ಬಂದುದು ಅಮೋನಿಯಂ ಸಲ್ಫೇಟಲ್ಲ, ಕ್ಯಾಲ್ಸಿಯಂ ಸಲ್ಫೇಟು! ಮಣ್ಣು ಅಮೋನಿಯವನ್ನು ಇಟ್ಟುಕೊಂಡು ತನ್ನಲ್ಲಿದ್ದ ಕ್ಯಾಲ್ಸಿಯಮನ್ನು ಕೊಟ್ಟಿತ್ತು. ಈ ಸಂಗತಿಯು 1850ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜೆ. ಟಿ. ವೇ ಎಂಬ ರಸಾಯನಶಾಸ್ತ್ರಜ್ಞನು ಈ ಕೊಡುಕೊಳ್ಳುವಿಕೆಯು ಸಮಸಮವಾಗಿ, ಲೆಕ್ಕ ತಪ್ಪದೆ ನಡೆಯುವುದೆಂದೂ, ಅದಕ್ಕೆ ಮಣ್ಣಿನಲ್ಲಿರುವ ಜೇಡಿಯೇ ಕಾರಣವೆಂದೂ ತೋರಿಸಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನ ರಾಬರ್ಟ್ ಗಾನ್ಸ್ ಎಂಬಾತನು ಜೇಡಿಯ ಈ ಗುಣವುಳ್ಳ ಕೃತಕ ಸಿಲಿಕೇಟುಗಳನ್ನು ತಯಾರಿಸಿ ನೀರನ್ನು ಮೆದುಗೊಳಿಸಲು ಬಳಸಿದನು. ವಿನಿಮಯ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ‘ಪರ್ಮ್ಯುಟಿಟ್’ ಎಂಬ ಹೆಸರು ಬಂದಿತು. 1935ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನ ಪ್ರಯೋಗಾಲಯದಲ್ಲಿ ಆಡಮ್ಸ್ ಮತ್ತು ಹೋಮ್ಸ್ ಇಂಥದೇ ಗುಣವುಳ್ಳ ಕೃತಕ ರಾಳಗಳನ್ನು ಸೃಷ್ಟಿಸಿದರು. ಪುಡಿಮಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ ಈ ಗುಣ ಕಂಡುದೇ ಅವರಿಗೆ ದಾರಿ ತೋರಿತೆಂದು ಹೇಳುವುದುಂಟು. ಇಂದಿನ ಯಂತ್ರಗಳಲ್ಲಿರುವ ಪಾಲಿಸ್ಟೈರೀನ್ ರಾಳವು ಅಮೆರಿಕದ ಡಿ ಅಲೇಲಿಯೊ 1944ರಲ್ಲಿ ಪೇಟೆಂಟ್ ಪಡೆದ ರಾಳದ ಸಂತಾನ.

ನೋಡಲು ಅದು ಸಬ್ಬಕ್ಕಿಗಿಂತ ಚಿಕ್ಕದಾದ, ಜೇನಿನ ಬಣ್ಣದ ಮಣಿಗಳ ರಾಶಿ. ಪ್ರತಿಯೊಂದು ಮಣಿಯ ಒಳಗೂ ಋಣ ವಿದ್ಯುದಂಶವುಳ್ಳ ಕೋಟ್ಯಂತರ ಸ್ಥಾನಗಳುಂಟು; ಅವು ಮಣಿಗೆ ಬಿಗಿಯಾಗಿ ಕಟ್ಟುಬಿದ್ದಿವೆ. ಅವುಗಳನ್ನು ಆಶ್ರಯಿಸಿ ಧನ ವಿದ್ಯುದಂಶವುಳ್ಳ ಸೋಡಿಯಂ ಅಯಾನುಗಳು ಕುಳಿತಿರುತ್ತವೆ. ಗಡಸು ನೀರು ಹರಿದು ಬಂದಾಗ ಎರಡು ಪಟ್ಟು ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಅಯಾನು ಬರುತ್ತದೆ. ಜಗಲಿಯ ಮೇಲೆ ಕುಳಿತ ಹುಡುಗರು ಹಿರಿಯರೊಬ್ಬರು ಬಂದಾಗ ಎದ್ದು ಜಾಗ ಬಿಡುವಂತೆ, ಎರಡು ಸೋಡಿಯಂಗಳು ಎದ್ದು ನೀರಿಗೆ ಇಳಿಯುತ್ತವೆ, ಕ್ಯಾಲ್ಸಿಯಂ ಕುಳಿತುಕೊಳ್ಳುತ್ತದೆ. ಕೊನೆಗೆ ಜಗಲಿಯ ತುಂಬ ಹಿರಿಯರೇ ಆದಾಗ ರಾಳದ ಶಕ್ತಿ ಮುಗಿಯಿತು. ಆಗ ಅಡಿಗೆ ಉಪ್ಪಿನ, ಎಂದರೆ ಸೋಡಿಯಂ ಕ್ಲೋರೈಡಿನ, ನೂರಕ್ಕೆ ಹತ್ತರಷ್ಟು ಗಟ್ಟಿಯಾದ ದ್ರಾವಣವನ್ನು ಹಾಯಿಸಿದರೆ ಹುಡುಗರ ದೊಡ್ಡ ಗುಂಪೇ ನುಗ್ಗಿದಂತಾಗಿ ಹಿರಿಯರು ಜಾಗ ಬಿಟ್ಟು ಹೊರಡುವರು. ಗಟ್ಟಿಯಾದ ಉಪ್ಪುನೀರಿನಲ್ಲಿ ರಾಳಕ್ಕೆ ಕ್ಯಾಲ್ಸಿಯಮ್ಮಿನ ಮೇಲಿನ ಒಲವೂ ಕುಗ್ಗುವುದುಂಟು. ಈ ಕ್ರಿಯೆಗೆ ಪುನಶ್ಚೇತನವೆಂದು ಹೆಸರು. ಉಪ್ಪಿನೊಡನೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಚರಂಡಿಗೆ ಹೋಗುತ್ತವೆ. ರಾಳ ಮತ್ತೆ ಸಿದ್ಧವಾಗುತ್ತದೆ.

ಇದು ವಿನಿಮಯವೇ ಹೊರತು ನಿವಾರಣೆಯಲ್ಲ ಎಂಬುದನ್ನು ಮರೆಯಬಾರದು. 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ 46 ಮಿಲಿಗ್ರಾಂ ಸೋಡಿಯಂ ಬರುವುದು. ನೀರಿನಲ್ಲಿ ಕರಗಿದ ಒಟ್ಟು ಲವಣಗಳ ತೂಕ ಕಡಮೆಯಾಗದೆ ಒಂದಿಷ್ಟು ಹೆಚ್ಚೇ ಆಗುತ್ತದೆ. ಮಾರುವವರು ಜೇಬಿನಿಂದ ಲೇಖನಿಯಂಥ ಒಂದು ಮೀಟರನ್ನು ತೆಗೆದು ನೀರಿನಲ್ಲಿ ಅದ್ದಿ ‘ಟಿಡಿಎಸ್ ಇಷ್ಟಿದೆ ನೋಡಿ’ ಎಂದು ಹೆದರಿಸುವುದು ಈಗ ಮಾಮೂಲು. ಆ ಮೀಟರು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಊಹಿಸುವುದು ಒಟ್ಟು ಲವಣವನ್ನು. ಅದರಲ್ಲಿ ಗಡಸುತನದ ಪಾಲೆಷ್ಟು, ಮಾಮೂಲು ಉಪ್ಪಿನ ಪಾಲೆಷ್ಟು ಎಂದು ಅದಕ್ಕೆ ತಿಳಿಯದು. ಸಾಫ್ಟನರ್ ಕೆಲಸ ಮಾಡುತ್ತಿದೆಯೇ ಎಂದು ಅದೇ ಮೀಟರಿನಿಂದ ಪರೀಕ್ಷಿಸಿದರೆ ಒಳ್ಳೆಯ ಯಂತ್ರವೂ ಕೆಟ್ಟುದೆಂದೇ ತೋರುವುದು.

ಹಾಗಾದರೆ ಗಡಸುತನವನ್ನು ಅಳೆಯುವುದು ಹೇಗೆ? ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಕಷ್ಟವಲ್ಲ. 50 ಮಿಲಿಲೀಟರ್ ನೀರಿಗೆ ಅಮೋನಿಯದ ಬಫರ್ ಸೇರಿಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಕೊಂಚ ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುವುದು. ಬ್ಯೂರೆಟ್ಟಿನಿಂದ 0.01 ಮೋಲಾರ್ ಇಡಿಟಿಎ ದ್ರಾವಣವನ್ನು ಬಿಡುತ್ತ ಹೋದರೆ ಒಂದು ಗಳಿಗೆಯಲ್ಲಿ ಕೆಂಪು ಹೋಗಿ ನೀಲಿ ಬರುವುದು. ಇಡಿಟಿಎಯ ಪ್ರತಿ ಮಿಲಿಲೀಟರೂ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 25 ಮಿಲಿಲೀಟರ್ ಖರ್ಚಾದರೆ ಗಡಸುತನ ಲೀಟರಿಗೆ 500 ಮಿಲಿಗ್ರಾಂ. ಮನೆಯ ನೀರನ್ನು ಒಂದು ಸೀಸೆಯಲ್ಲಿ ಕಾಲೇಜಿಗೆ ಒಯ್ದು, ಉಪನ್ಯಾಸಕರ ಅಪ್ಪಣೆ ಪಡೆದು ಇದನ್ನು ಮಾಡಿ ನೋಡಿದರೆ ಪಾಠದ ಪ್ರಯೋಗವೊಂದು ಮನೆಯ ಕೆಲಸಕ್ಕೆ ಬಂದಂತಾಗುವುದು. ಕೊಳವೆ ಬಾವಿಯ ನೀರಿನ ಗುಣ ಋತುವಿನೊಡನೆ ಬದಲಾಗುವುದರಿಂದ ಬೇಸಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆಯುವುದು ಒಳಿತು. ಇಷ್ಟೂ ಅನುಕೂಲವಿಲ್ಲದವರು ಒಂದು ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ನೀರು ತೆಗೆದುಕೊಂಡು, ಅಪ್ಪಟ ದ್ರವಸಾಬೂನಿನ ಹತ್ತು ತೊಟ್ಟು ಹಾಕಿ ಕುಲುಕಲಿ. ಪಕ್ಕದಲ್ಲಿ ಮಳೆಯ ನೀರಿನ ಸೀಸೆಯನ್ನೂ ಹಾಗೆಯೇ ಕುಲುಕಿಡಲಿ. ವ್ಯತ್ಯಾಸ ಕಣ್ಣಿಗೇ ಕಾಣುವುದು. ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ಈ ಪರೀಕ್ಷೆಗೆ ಬಾರದು. ಅವು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತವೆ.

ಅಳತೆ ದೊರೆತ ಮೇಲೆ ಯಂತ್ರದ ಗಾತ್ರ. ನಾಲ್ವರಿರುವ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಕೊಳವೆ ಬಾವಿಯ ನೀರಿನ ಗಡಸುತನ 500. ನಮ್ಮ ದೇಶದಲ್ಲಿ ನಗರವಾಸಿಗೆ ದಿನಕ್ಕೆ 135 ಲೀಟರ್ ಎಂದು ಯೋಜನೆಗಳಲ್ಲಿ ಹಿಡಿಯುವ ಪದ್ಧತಿಯಂತೆ ಮನೆಗೆ 540 ಲೀಟರ್ ಬೇಕು. ಅದರಲ್ಲಿರುವ ಗಡಸುತನ ದಿನಕ್ಕೆ 270 ಗ್ರಾಂ. ಒಂದು ಲೀಟರ್ ರಾಳಕ್ಕೆ ಪ್ರತಿ ಪುನಶ್ಚೇತನದಲ್ಲಿ 100 ಗ್ರಾಂ ಉಪ್ಪು ಕೊಟ್ಟರೆ ಅದು ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯಬಲ್ಲುದು. 25 ಲೀಟರ್ ರಾಳದ ಯಂತ್ರವು 1250 ಗ್ರಾಮನ್ನು, ಎಂದರೆ ನಾಲ್ಕೂವರೆ ದಿನದ ಪಾಲನ್ನು ಹಿಡಿಯುವುದು. ಪ್ರತಿ ಸಲಕ್ಕೆ ಎರಡೂವರೆ ಕಿಲೋಗ್ರಾಂ ಉಪ್ಪು. ತೊಳೆಯಲು ಸುಮಾರು 200 ಲೀಟರ್ ನೀರು. ವರ್ಷಕ್ಕೆ ಲೆಕ್ಕ ಹಾಕಿದರೆ ಉಪ್ಪು 200 ಕಿಲೋಗ್ರಾಂ!

ನಾಲ್ವರು ವರ್ಷವಿಡೀ ಊಟದಲ್ಲಿ ಬಳಸುವ ಉಪ್ಪು ಇದರ ಹತ್ತನೆಯ ಒಂದು ಪಾಲೂ ಆಗಲಾರದು. ಈ ಎರಡು ಕ್ವಿಂಟಲ್ ಉಪ್ಪು ಎಲ್ಲಿಗೆ ಹೋಗುವುದು? ಕೊಳವೆ ಬಾವಿಯ ಮನೆಗಳಲ್ಲಿ ಒಳಚರಂಡಿಯೂ ಇಲ್ಲದಿರುವುದು ಸಾಮಾನ್ಯ. ಯಂತ್ರದ ಕೊಳಕು ನೀರು ಇಂಗುಗುಂಡಿಗೆ ಇಳಿಯುವುದು. ಗುಂಡಿಯಿಂದ ಮಣ್ಣಿಗೆ, ಮಣ್ಣಿನಿಂದ ಅದೇ ಬಿರುಕುಗಳಿಗೆ. ಕ್ಲೋರೈಡನ್ನು ಹಿಡಿದಿಡುವ ಶಕ್ತಿ ಮಣ್ಣಿಗಿಲ್ಲ. ನಿಮ್ಮ ಬಾವಿಯಿಂದಲೋ ನೆರೆಯವರ ಬಾವಿಯಿಂದಲೋ ಅದು ಒಂದು ದಿನ ಮೇಲೆ ಬರಬೇಕು. ಗಡಸುತನವನ್ನು ಸಾಫ್ಟನರ್ ತೆಗೆಯಬಲ್ಲುದು. ಬಾವಿಯ ನೀರು ನಿಜವಾಗಿಯೂ ಉಪ್ಪಾದರೆ ಅದನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಸೋಡಿಯಮ್ಮಿನ ಕಥೆ ಇನ್ನೂ ವಿಚಿತ್ರವಾದುದು. ಥಾಂಪ್ಸನ್ನನ ಗಾಜಿನ ಕೊಳವೆಯಲ್ಲಿ ನಡೆದ ವಿನಿಮಯವು ಇಲ್ಲಿ ಹಿತ್ತಿಲಿನಲ್ಲಿ ನಡೆಯುತ್ತದೆ: ಸೋಡಿಯಂ ಜೇಡಿಯನ್ನು ಸೇರಿ ಕ್ಯಾಲ್ಸಿಯಮನ್ನು ಹೊರಡಿಸುತ್ತದೆ. ಕ್ಯಾಲ್ಸಿಯಂ ಇದ್ದಾಗ ಹರಳು ಹರಳಾಗಿ ಗಾಳಿಯಾಡುತ್ತಿದ್ದ ಮಣ್ಣು ಸೋಡಿಯಂ ತುಂಬಿದಾಗ ಒಡೆದು, ಒದ್ದೆಯಾದಾಗ ಕೆಸರು, ಒಣಗಿದಾಗ ಹೆಂಟೆ. ಚೌಳು ನೆಲದ ಪಾಡನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಿಟಾ ಕಣಿವೆಯ ಜನರು 2008ರಲ್ಲಿ ಮತ ಹಾಕಿ, ಉಪ್ಪಿನಿಂದ ಪುನಶ್ಚೇತನಗೊಳ್ಳುವ ಸಾಫ್ಟನರುಗಳನ್ನು ಮನೆಗಳಿಂದ ತೆಗೆಸುವ ಕಟ್ಟಳೆಯನ್ನು ಒಪ್ಪಿದರು. ಮನೆಗಳ ಚರಂಡಿಯಿಂದ ಹೊಳೆಗೆ ಸೇರುತ್ತಿದ್ದ ಕ್ಲೋರೈಡ್ ಕೆಳಗಿನ ತೋಟಗಳ ಬೆಳೆಗೆ ಕೆಡುಕೆಂಬುದೇ ಅದಕ್ಕೆ ಕಾರಣ.

ಹಾಗೆಂದು ಯಂತ್ರವೇ ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಯಾವ ನೀರಿಗೆ ಮೆದುತನ ಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸಬೇಕು. ಆ 135 ಲೀಟರಿನಲ್ಲಿ ಸ್ನಾನಕ್ಕೆ 55, ಬಟ್ಟೆಗೆ 20, ಪಾಯಿಖಾನೆಗೆ 30, ಪಾತ್ರೆಗೆ 10, ಮನೆ ತೊಳೆಯಲು 10, ಅಡಿಗೆಗೆ 5, ಕುಡಿಯಲು 5 ಎಂದು ಪಾಲು ಮಾಡುವುದುಂಟು. ಪಾಯಿಖಾನೆಗೂ ನೆಲ ಒರೆಸುವುದಕ್ಕೂ ಮೆದು ನೀರೇಕೆ? ಸ್ನಾನಕ್ಕೂ ಬಟ್ಟೆಗೂ ಮಾತ್ರ ಕೊಟ್ಟರೆ ನಾಲ್ವರಿಗೆ 300 ಲೀಟರ್ ಸಾಕು. ಅದೇ ಯಂತ್ರ ಎಂಟು ದಿನಕ್ಕೊಮ್ಮೆ ಉಪ್ಪು ಬೇಡುವುದು. ವರ್ಷಕ್ಕೆ 110 ಕಿಲೋಗ್ರಾಂ. ಇನ್ನೂ ಒಂದು ಉಪಾಯವುಂಟು. ರಾಳದಿಂದ ಬಂದ ನೀರು ಸೊನ್ನೆಯ ಹತ್ತಿರದ ಗಡಸುತನದ್ದು. ಅಷ್ಟು ಬೇಕಾಗಿಯೇ ಇಲ್ಲ, ಅದರಲ್ಲಿ ಮಿಂದವರಿಗೆ ಸಾಬೂನು ಮೈಯಿಂದ ಹೋಗದಂತೆ ಜಾರುವುದು. ಐದರಲ್ಲಿ ಒಂದು ಪಾಲು ಗಡಸು ನೀರನ್ನು ಬೆರೆಸಿದರೆ ಗಡಸುತನ 100ಕ್ಕೆ ನಿಲ್ಲುವುದು. ಉಪ್ಪು 90 ಕಿಲೋಗ್ರಾಮಿಗೆ ಇಳಿಯುವುದು. ಬೆರಸಲು ಒಂದು ಸಣ್ಣ ಕವಾಟ ಒಳ್ಳೆಯ ಯಂತ್ರಗಳಲ್ಲಿಯೇ ಇರುತ್ತದೆ. ಉಪ್ಪಿನ ಅರ್ಧಕ್ಕಿಂತ ಹೆಚ್ಚು ಹೀಗೆ ಉಳಿಯಿತು, ಮತ್ತು ಗೀಸರಿಗಾಗಲಿ ಸಾಬೂನಿಗಾಗಲಿ ಏನೂ ಕೊರತೆಯಾಗಲಿಲ್ಲ.

ಇದನ್ನು ಸಾಧಿಸಲು ಮಾಳಿಗೆಯ ಮೇಲೆ ಎರಡು ತೊಟ್ಟಿಗಳು ಬೇಕು: ಒಂದು ಬಂದ ನೀರಿಗೆ, ಒಂದು ಮೆದು ನೀರಿಗೆ. ಮನೆ ಕಟ್ಟುವಾಗಲೇ ಎರಡು ಕೊಳವೆಗಳನ್ನು ಎಳೆದರೆ ಸುಲಭ. ಆಮೇಲೆ ಗೋಡೆ ಒಡೆಯಬೇಕು. ಯಂತ್ರವನ್ನು ಎಲ್ಲಿ ಇಡಬೇಕೆಂಬುದೂ ಇಲ್ಲಿಯೇ ಬರುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡ ಕೊಡುವುದು. ಮಾಳಿಗೆಯ ತೊಟ್ಟಿಯಿಂದ ಕೆಳಗಿಳಿಯುವ ನೀರಿಗೆ ಇದರ ಮೂರನೆಯ ಒಂದು ಪಾಲು ಒತ್ತಡವೂ ಇರದಿರಬಹುದು. ಉಪ್ಪುನೀರನ್ನು ತಾನೇ ಎಳೆದುಕೊಳ್ಳುವ ಸ್ವಯಂಚಾಲಿತ ಕವಾಟಗಳಿಗೆ ಒಂದೂವರೆ ಎರಡು ಕಿಲೋಗ್ರಾಂ ಬೇಕು. ತೊಟ್ಟಿಯ ಕೆಳಗೆ ಜೋಡಿಸಿದ ಎಷ್ಟೋ ಯಂತ್ರಗಳು ಉಪ್ಪನ್ನೇ ಎಳೆಯದೆ, ತಿಂಗಳುಗಟ್ಟಲೆ ಗಡಸು ನೀರನ್ನೇ ಸಾಗಿಸುತ್ತ ನಿಂತಿರುವುದು ಇದರಿಂದ. ಸಂಪಿನಿಂದ ಮೇಲಕ್ಕೆ ನೀರೆತ್ತುವ ಪಂಪಿನ ದಾರಿಯಲ್ಲಿಟ್ಟರೆ ಒತ್ತಡ ದೊರೆಯುವುದು. ಆದರೆ ಆಗ ಹರಿವು ಮಿತಿಮೀರಬಾರದು. ಒಂದು ಲೀಟರ್ ರಾಳ ಗಂಟೆಗೆ ಸುಮಾರು 40 ಲೀಟರಿಗಿಂತ ಹೆಚ್ಚು ನೀರನ್ನು ಚೆನ್ನಾಗಿ ನಿಭಾಯಿಸಲಾರದು. 25 ಲೀಟರಿನ ಯಂತ್ರಕ್ಕೆ ಗಂಟೆಗೆ 1000 ಲೀಟರ್ ಮಿತಿ. ಪಂಪು ಅದಕ್ಕಿಂತ ಜೋರಾಗಿ ತಳ್ಳಿದರೆ ಕ್ಯಾಲ್ಸಿಯಮ್ಮಿಗೆ ಕುಳಿತುಕೊಳ್ಳಲು ವ್ಯವಧಾನವೇ ಸಿಗದು. ಆದುದರಿಂದ ಕೊಳ್ಳುವವರು ಹೊರಗಿನ ಡಬ್ಬದ ಅಂದವನ್ನು ನೋಡದೆ, ರಾಳ ಎಷ್ಟು ಲೀಟರ್, ಪುನಶ್ಚೇತನಕ್ಕೆ ಉಪ್ಪು ಎಷ್ಟು, ಕನಿಷ್ಠ ಒತ್ತಡ ಎಷ್ಟು ಎಂಬ ಮೂರು ಅಂಕಿಗಳನ್ನು ಬರೆಸಿಕೊಳ್ಳಬೇಕು. ಈ ಅಂಕಿಗಳನ್ನು ಹೇಳಲಾರದ ಅಂಗಡಿಯನ್ನು ಬಿಟ್ಟು ಮುಂದೆ ಹೋಗುವುದು ಲೇಸು.

ಕವಾಟಗಳಲ್ಲಿ ಎರಡು ಬಗೆ. ಗಡಿಯಾರವನ್ನು ನಂಬಿದ್ದು ನೀರು ಬಳಸಿದರೂ ಬಿಟ್ಟರೂ ಗೊತ್ತಾದ ದಿನ ಉಪ್ಪು ಹಾಯಿಸುವುದು. ಮನೆಯವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದಾಗಲೂ ಎರಡೂವರೆ ಕಿಲೋಗ್ರಾಂ ಚರಂಡಿಗೆ. ಹರಿದ ನೀರನ್ನು ಅಳೆಯುವ ಮೀಟರುಳ್ಳದ್ದು ಕೊಂಚ ದುಬಾರಿಯಾದರೂ ಅದೇ ಮೇಲು. ಕೈಯಿಂದ ತಿರುಗಿಸುವ ಕವಾಟ ಎಲ್ಲಕ್ಕಿಂತ ಅಗ್ಗ; ನೆನಪಿಟ್ಟು ತಿರುಗಿಸುವವರು ಮನೆಯಲ್ಲಿದ್ದರೆ ಅದಕ್ಕೂ ಅಡ್ಡಿಯಿಲ್ಲ. ಉಪ್ಪು ಅಯೋಡಿನ್ ಬೆರೆತ ಪುಡಿ ಉಪ್ಪಾಗಬೇಕಿಲ್ಲ, ಮಣ್ಣು ಕಲ್ಮಷವಿಲ್ಲದ ಹರಳುಪ್ಪು ಸಾಕು. ನೀರು ಕೆಂಪಗೆ ಕರೆ ಕಟ್ಟುವಂತಿದ್ದರೆ ಅದರಲ್ಲಿ ಕಬ್ಬಿಣವುಂಟು. ಅದನ್ನು ಮೊದಲು ಬೇರೆ ಶೋಧಕದಿಂದ ತೆಗೆಯದಿದ್ದರೆ ರಾಳದ ಮಣಿಗಳು ತುಕ್ಕು ಮುಚ್ಚಿ ಕೆಡುವುವು.

ಅಯಸ್ಕಾಂತದ ಪಟ್ಟಿಯನ್ನು ಕೊಳವೆಗೆ ಸುತ್ತಿದರೆ ನೀರು ಮೆದುವಾಗುವುದೆಂದು ಮಾರುವವರೂ ಇದ್ದಾರೆ. ಅದರಿಂದ ಕ್ಯಾಲ್ಸಿಯಂ ಒಂದು ಮಿಲಿಗ್ರಾಮೂ ಕಡಮೆಯಾಗುವುದಿಲ್ಲ. ಇಡಿಟಿಎ ಪರೀಕ್ಷೆ ಮೊದಲೂ ಆಮೇಲೂ ಒಂದೇ ಅಂಕಿ ಕೊಡುವುದು. ಕೆಲವು ಉಪ್ಪಿಲ್ಲದ ಯಂತ್ರಗಳು ಕ್ಯಾಲ್ಸಿಯಂ ಕಾರ್ಬೊನೇಟನ್ನು ಸೂಕ್ಷ್ಮ ಹರಳುಗಳಾಗಿಸಿ ಕೊಳವೆಗೆ ಅಂಟದಂತೆ ಮಾಡುತ್ತವೆ. ಇವು ಕಟ್ಟನ್ನು ತಡೆಯಬಲ್ಲವಾದರೂ ನೀರು ಗಡಸಾಗಿಯೇ ಇರುವುದರಿಂದ ಸಾಬೂನಿನ ನಷ್ಟ ತಪ್ಪದು. ಬಟ್ಟೆಗೆ ಮಾತ್ರ ಮೆದು ನೀರು ಬೇಕಾದವರಿಗೆ ಹಳೆಯ ಉಪಾಯವೇ ಸಾಕು. ನಮ್ಮ ಬಕೆಟ್ಟಿನ 5 ಗ್ರಾಂ ಗಡಸುತನಕ್ಕೆ ಐದಾರು ಗ್ರಾಂ ಒಣ ವಾಷಿಂಗ್ ಸೋಡ ಹಾಕಿ ಕೊಂಚ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಬಹುಪಾಲು ತಳಕ್ಕಿಳಿಯುವುದು. ಮಳೆಯ ನೀರು ಇವೆಲ್ಲಕ್ಕಿಂತ ಮೇಲು. ಬೆಂಗಳೂರಿನಲ್ಲಿ ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ಸುಮಾರು 90,000 ಲೀಟರಿಗಿಂತ ಹೆಚ್ಚು ಮೆದು ನೀರು ಆಕಾಶದಿಂದಲೇ ಬೀಳುತ್ತದೆ. ಎಲ್ಲವನ್ನೂ ಹಿಡಿದಿಡಲು ತೊಟ್ಟಿ ಸಾಲದೆಂಬುದು ನಿಜ. ಹಿಡಿದಷ್ಟು ದಿನ ಯಂತ್ರಕ್ಕೆ ಬಿಡುವು, ಉಪ್ಪಿಗೆ ಉಳಿತಾಯ.

ಕುಡಿಯುವ ನೀರಿನ ಮಾತು ಉಳಿಯಿತು. ಇಲ್ಲಿ ತಪ್ಪು ತಿಳಿವಳಿಕೆ ಅಪಾಯಕಾರಿ. ಗಡಸುತನ 500 ಇದ್ದ ನೀರನ್ನು ಪೂರ್ತಿ ಮೆದುಗೊಳಿಸಿದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುವುದು. ಎರಡು ಲೀಟರ್ ಕುಡಿದವರ ಹೊಟ್ಟೆಗೆ ಒಂದು ಗ್ರಾಮಿಗೂ ಮಿಕ್ಕ ಉಪ್ಪಿಗೆ ಸಮನಾದ ಸೋಡಿಯಂ ಹೋಯಿತು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದ ಒತ್ತಡವುಳ್ಳವರೂ ವೈದ್ಯರು ಉಪ್ಪು ಬಿಡಿಸಿದವರೂ ಇದನ್ನು ಕುಡಿಯಬಾರದು. ತುಳಸಿಯ ಕಟ್ಟೆಗೂ ಹೂವಿನ ಕುಂಡಗಳಿಗೂ ಇದನ್ನು ಹಾಕಬಾರದು. ಇದಕ್ಕಿಂತಲೂ ಮುಖ್ಯವಾದುದು ಫ್ಲೋರೈಡು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗಗಳ ಎಷ್ಟೋ ಕೊಳವೆ ಬಾವಿಗಳಲ್ಲಿ ಹಲ್ಲನ್ನೂ ಮೂಳೆಯನ್ನೂ ಕೆಡಿಸುವಷ್ಟು ಫ್ಲೋರೈಡ್ ಉಂಟು. ಮಾನಕದಂತೆ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಾಗಲೂ 1.5 ಮೀರಕೂಡದು. ನಮ್ಮ ರಾಳವು ಧನ ಅಯಾನುಗಳನ್ನು ಮಾತ್ರ ವಿನಿಮಯ ಮಾಡುವಂಥದು. ಫ್ಲೋರೈಡು, ನೈಟ್ರೇಟುಗಳು ಋಣ ಅಯಾನುಗಳು. ಮಣಿಗಳ ನಡುವೆ ಏನೂ ಆಗದಂತೆ ಹಾದು ಲೋಟಕ್ಕೆ ಬರುವುವು. ನೀರು ನೊರೆಗೂಡಿತು, ಬೇಳೆ ಬೆಂದಿತು, ಆದುದರಿಂದ ನೀರು ಒಳ್ಳೆಯದಾಯಿತು ಎಂದು ಮಕ್ಕಳಿಗೆ ಅದನ್ನೇ ಕುಡಿಸಿದರೆ ಕೇಡು ಸದ್ದಿಲ್ಲದೆ ಬೆಳೆಯುವುದು. ಸಾಫ್ಟನರ್ ಕೊಳ್ಳುವ ಮೊದಲು ಫ್ಲೋರೈಡ್, ನೈಟ್ರೇಟುಗಳ ಪರೀಕ್ಷೆಯನ್ನು ಜಿಲ್ಲಾ ಕೇಂದ್ರದ ನೀರಿನ ಪ್ರಯೋಗಾಲಯದಲ್ಲಿಯೋ ಬೇರೆಲ್ಲಿಯೋ ಮಾಡಿಸಿ, ಅವು ಮಿತಿ ಮೀರಿದ್ದರೆ ಕುಡಿಯಲೂ ಅಡಿಗೆಗೂ ಬೇಕಾದ ಹತ್ತು ಲೀಟರಿಗೆ ಹೊಳೆಯ ನೀರನ್ನೋ ಆರ್‌ಓ ಯಂತ್ರದ ನೀರನ್ನೋ ಆಶ್ರಯಿಸಬೇಕು. ಆರ್‌ಓ ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುವುದು. ಅದನ್ನು ಬಕೆಟ್ಟಿನಲ್ಲಿ ಹಿಡಿದು ಪಾಯಿಖಾನೆಗೆ ಬಳಸಬಹುದು.

ಯಂತ್ರ ಬಂದ ಮೇಲೆಯೂ ಆ ಗಾಜಿನ ಸೀಸೆಯನ್ನು ಎಸೆಯಬೇಡಿ. ಪುನಶ್ಚೇತನದ ಹಿಂದಿನ ಸಂಜೆ, ಬೆರಸುವ ಕವಾಟವನ್ನು ಮುಚ್ಚಿ, ರಾಳದಿಂದ ಬಂದ ನೀರಿಗೆ ಸಾಬೂನಿನ ಹತ್ತು ತೊಟ್ಟು ಹಾಕಿ ಕುಲುಕಿ. ನೊರೆ ದಟ್ಟವಾಗಿ ನಿಂತರೆ ರಾಳದಲ್ಲಿ ಇನ್ನೂ ಶಕ್ತಿಯುಂಟು, ಮೀಟರಿನಲ್ಲಿ ಗೊತ್ತುಮಾಡಿದ ಲೀಟರುಗಳನ್ನು ನೂರಿನ್ನೂರು ಹೆಚ್ಚಿಸಬಹುದು. ಮಡ್ಡಿ ಕಂಡರೆ ಅಷ್ಟು ತಗ್ಗಿಸಬೇಕು. ಹೀಗೆ ಮೂರು ನಾಲ್ಕು ಸಲ ಮಾಡುವಷ್ಟರಲ್ಲಿ ನಿಮ್ಮ ಬಾವಿಗೂ ನಿಮ್ಮ ಮನೆಗೂ ಸರಿಹೊಂದುವ ಅಂಕಿ ತಾನಾಗಿಯೇ ದೊರೆಯುವುದು.